ಆನೆ ಇರುವ ಟೋಪಿ

ಪ್ರೀತಿಯ ಗೆಳೆಯಾ,

ಹೋದ ವಾರದ ಫೋಟೋ ನೋಡಿ "ಟೋಪಿ ಮೇಲೆ ಆನೆ ಯಾಕೋ, ದಸರಾಕ್ಕೆ ಹೊರಟಿದ್ದೀಯಾ?" ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಕತೆಯಲ್ಲ ಅದು. ಅದಕ್ಕೇ ಬರೀತಿದ್ದೇನೆ.

ಅದು ಅಥ್ಲೆಟಿಕ್ಸ್ ಅನ್ನುವ ಬೇಸ್‌ಬಾಲ್ ತಂಡದ ಆನೆ. ತಂಡ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಮರುವರ್ಷ ಎದುರಾಳಿ ತಂಡದ ಮ್ಯಾನೇಜರ್ (ನಮ್ಮ ಕೋಚ್ ಇದ್ದ ಹಾಗೆ) ಜಾನ್ ಮೆಗ್ರಾ ಇದನ್ನು ಬಿಳಿ ಆನೆ ಅಂತ ಹಂಗಿಸಿದ. ಸಾಕೋದಕ್ಕೇ ದುಡ್ಡೆಲ್ಲ ಕರಗಿ ಹೋಗುತ್ತದೆ ಅಂತ. ಇವರ ಮ್ಯಾನೇಜರ್ ಕೋನಿ ಮ್ಯಾಕ್ ಆ ಹಂಗಿಸಿದ ಮಾತನ್ನೇ ಎತ್ತಿಕೊಂಡು ತಂಡದ ಗುರುತು ಮಾಡಿಬಿಟ್ಟ. ಆ ವರ್ಷವೇ ಲೀಗ್ ಗೆದ್ದರು ಕೂಡ!

ಈ ಮ್ಯಾಕ್ 1950ರ ತನಕ, 50 ವರ್ಷ ಮ್ಯಾನೇಜರ್ ಆಗಿದ್ದ. ಆಟಗಾರರ ಡ್ರೆಸ್ ಹಾಕುತ್ತಿರಲಿಲ್ಲ. ಕೋಟು, ಟೈ ಹಾಕಿ ಕೂತು, ಕೈಯಲ್ಲಿದ್ದ ಸ್ಕೋರ್‌ಕಾರ್ಡ್ ಅಲ್ಲಾಡಿಸಿ ಫೀಲ್ಡರುಗಳನ್ನು ಅತ್ತ ಇತ್ತ ಸರಿಸುತ್ತಿದ್ದ. ಐದು ಸಲ ವರ್ಲ್ಡ್ ಸೀರೀಸ್, ಅಂದರೆ ಎರಡು ಲೀಗ್‌ಗಳ ವಿಜೇತರ ನಡುವಿನ ಫೈನಲ್, ಗೆಲ್ಲಿಸಿದ. ಕೈ ಬರಿದಾದಾಗ ಒಳ್ಳೊಳ್ಳೆ ಆಟಗಾರರನ್ನು ಮಾರಿದವನೂ ಅವನೇ. 1914ರಲ್ಲಿ ಲೀಗ್ ಗೆದ್ದ ತಂಡ 1916ರಲ್ಲಿ 117 ಪಂದ್ಯ ಸೋತಿತು ಅಂದರೆ ನೋಡು.

1955ರಲ್ಲಿ ಕ್ಯಾನ್ಸಸ್ ಸಿಟಿಗೆ ಗಂಟುಮೂಟೆ ಕಟ್ಟಿದರು. ಅಲ್ಲಿನ 13 ವರ್ಷದಲ್ಲಿ ಒಂದು ಸೀಸನ್‌ನಲ್ಲೂ ಸೋಲಿಗಿಂತ ಗೆಲುವು ಜಾಸ್ತಿ ಆಗಲಿಲ್ಲ. 1968ರಲ್ಲಿ ಕ್ಯಾಲಿಫೋರ್ನಿಯಾಕ್ಕೆ, ನಮ್ಮ ಓಕ್ಲೆಂಡಿಗೆ ಬಂದರು.

ಆಗಿನ ಮಾಲೀಕ ಚಾರ್ಲಿ ಫಿನ್ಲಿ ಒಂಥರಾ ಆಸಾಮಿ. ಆನೆಯನ್ನು ಬಿಟ್ಟು ಹೇಸರಗತ್ತೆಯನ್ನು ತಂದ. ಅದಕ್ಕೆ ತನ್ನದೇ ಹೆಸರು ಇಟ್ಟ! 1972ರಲ್ಲಿ ಮೀಸೆ ಬಿಟ್ಟವರಿಗೆ ತಲಾ 300 ಡಾಲರ್ ಅಂದ. ಚೆಂಡೆಸೆಯುವ ಆಟಗಾರ ರಾಲಿ ಫಿಂಗರ್ಸ್ ತುದಿ ತಿರುವಿದ ಮೀಸೆ ಬಿಟ್ಟಿದ್ದು ಆಗಲೇ. ಆ ಮೀಸೆ ಪಡೆ 1972, 73, 74, ಮೂರು ವರ್ಷ ಸತತವಾಗಿ ವರ್ಲ್ಡ್ ಸೀರೀಸ್ ಗೆದ್ದಿತು. ಆನೆ ವಾಪಸ್ ಬಂದದ್ದು 80ರ ದಶಕದಲ್ಲಿ. 1989ರಲ್ಲಿ ಮತ್ತೆ ಗೆದ್ದರು. ಆ ಸೀರೀಸ್ ನಡುವೆಯೇ ದೊಡ್ಡ ಭೂಕಂಪ ಆಗಿ ಹತ್ತು ದಿನ ಆಟ ನಿಂತಿತ್ತು.

ಚಿನ್ನಸ್ವಾಮಿಯಲ್ಲಿ ನಾವು ಎದ್ದು ಕೂತು ಅಲೆ ಎಬ್ಬಿಸುತ್ತಿದ್ದೆವಲ್ಲ? ಅದನ್ನು 1981ರಲ್ಲೇ ಈ ಓಕ್ಲೆಂಡ್ ಮೈದಾನದಲ್ಲಿ ಮಾಡಿದ್ದರು, ಟಿವಿಯಲ್ಲೂ ಬಂದಿತ್ತು. ನನಗೆ ಗೊತ್ತಾದಾಗ ಸುಮ್ನೆ ಒಂಥರಾ ಖುಷಿ.

ಮೈದಾನ ಅಂದರೆ ಬರೀ ಕಾಂಕ್ರೀಟು. ಕೊಳಚೆ ನೀರು ಉಕ್ಕುತ್ತಿತ್ತು, ಬೆಕ್ಕುಗಳು ಓಡಾಡುತ್ತಿದ್ದವು. ಆದರೆ ರೈಲು ಇಳಿದು ಸೇತುವೆ ದಾಟುವಾಗಲೇ ಡ್ರಮ್ಮಿನ ಸದ್ದು ಕೇಳಿಸುತ್ತಿತ್ತು. ಹೊಸ ಸ್ಟೇಡಿಯಂ ಮಾತುಕತೆ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ ಲಾಸ್ ವೇಗಸ್‌ಗೆ ಹೋಗುತ್ತೇವೆ ಅಂದರು. ಆರ್‌ಸಿಬಿಯನ್ನು ಲಕ್ನೋಗೆ ಕರ್ಕೊಂಡು ಹೋಗ್ತೀವಿ ಅಂದ ಹಾಗೆ, ಅಲ್ವಾ? 2023ರ ಜೂನ್ 13ರಂದು ಜನ ಉಲ್ಟಾ ಬಹಿಷ್ಕಾರ ಮಾಡಿದರು: ಬರದೆ ಅಲ್ಲ, ಬಂದು ಪ್ರತಿಭಟಿಸಿದರು. ಖಾಲಿ ಹೊಡೆಯುತ್ತಿದ್ದ ಮೈದಾನಕ್ಕೆ 27,759 ಮಂದಿ ಬಂದು, ತಂಡವನ್ನು ಮಾರಿ ತೊಲಗು ಅಂತ ಈಗಿನ ಮಾಲೀಕನಿಗೆ ಕೂಗಿದರು. ಅವನು ಮಾರಲಿಲ್ಲ.

2024ರ ಸೆಪ್ಟೆಂಬರ್ 26, ಗುರುವಾರ, ಓಕ್ಲೆಂಡಿನಲ್ಲಿ ಕೊನೆಯ ಪಂದ್ಯ. ಆಫೀಸಿಗೆ ಹುಷಾರಿಲ್ಲ ಅಂತ ಮೆಸೇಜ್ ಹಾಕಿ ಹೋಗಿದ್ದೆ. ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ. ತೊಡೆಯ ಮೇಲೆ ಸ್ಕೋರ್ ಪುಸ್ತಕ, ಕೈಯಲ್ಲಿ ಮೋಟು ಪೆನ್ಸಿಲ್. ಒಂದೊಂದು ಚೆಂಡನ್ನೂ ಬರೆಯುತ್ತಿದ್ದರು. ಟೆಕ್ಸಸ್ ಮೇಲೆ 3-2ರಿಂದ ಗೆದ್ದೆವು. 46,889 ಮಂದಿಯಲ್ಲಿ ಯಾರಿಗೂ ಎದ್ದು ಹೋಗುವ ಮನಸ್ಸಿಲ್ಲ. ಅಜ್ಜಿ ಕೊನೆಯ ಚೌಕ ತುಂಬಿ, ಬೆರಳು ಒದ್ದೆ ಮಾಡಿಕೊಂಡು ಉಳಿದ ಪುಟಗಳನ್ನು ಎಣಿಸಿದರು. ಹನ್ನೊಂದು ಖಾಲಿ ಇದ್ದವು.

ಈಗ ತಂಡ ಸ್ಯಾಕ್ರಮೆಂಟೋದ ಪುಟ್ಟ ಮೈದಾನದಲ್ಲಿ ಆಡುತ್ತಿದೆ. ಹೆಸರಿನ ಮುಂದೆ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್. 2028ಕ್ಕೆ ವೇಗಸ್ ಅಂತೆ. ನಾನಿನ್ನೂ ಸ್ಯಾಕ್ರಮೆಂಟೋಗೆ ಹೋಗಿಲ್ಲ. ಹೋಗಬೇಕಾ ಬೇಡವಾ ಅಂತ ಪ್ರತಿ ಶನಿವಾರ ಮನೆಯಲ್ಲಿ ಚರ್ಚೆ.

ನಿನಗೂ ಒಂದು ಟೋಪಿ ತರಲಾ? ತಲೆ ಅಳತೆ ಕಳಿಸು. ಓಕ್ಲೆಂಡ್ ಅಂತ ಬರೆದದ್ದೇ ಬೇಕು ಅಂದರೆ ಮಾತ್ರ ಸ್ವಲ್ಪ ಹುಡುಕಬೇಕು.

ನಿನ್ನ,
ಫ್ರೀಮಾಂಟ್ ಗೆಳೆಯ