‘ಲಾಸ್ಟ್ ಎಕ್ಸ್‌ಪ್ರೆಸ್’ ಸೀಡಿ ಇನ್ಮೇಲೆ ಬಾಡಿಗೆಗೆ ಸಿಗಲ್ಲ, ಯಾಕೆ ಅಂದ್ರೆ

ಎಲ್ಲಾ ಮೆಂಬರ್‌ಗಳಿಗೂ, ಸುಮ್ನೆ ಬಂದು ಟೀ ಕುಡಿದು ಮಾತಾಡಿ ಹೋಗೋರಿಗೂ ನಮಸ್ಕಾರ.

ವಿಷಯ ಮೊದ್ಲು ಹೇಳ್ಬಿಡ್ತೀನಿ, ಪುರಾಣ ಆಮೇಲೆ. ಮುಂದಿನ ತಿಂಗಳು 1ನೇ ತಾರೀಖಿಂದ ನಮ್ಮ ಅಂಗಡಿಲಿ ಹಳೇ ಗೇಮ್ ಸೀಡಿ ಬಾಡಿಗೆಗೆ ಕೊಡೋದು ನಿಲ್ಲಿಸ್ತಿದೀವಿ. ಉಳಿದಿದ್ದೇ ಒಂದು ಶೆಲ್ಫು, ಅದ್ರಲ್ಲೂ ಜನ ಕೇಳ್ಕೊಂಡು ಬರ್ತಿದ್ದಿದ್ದು ಹೆಚ್ಚಾಗಿ ಒಂದೇ ಗೇಮು, ‘ದಿ ಲಾಸ್ಟ್ ಎಕ್ಸ್‌ಪ್ರೆಸ್’. ಅದು ಈಗ ಡಿಜಿಟಲ್ ಆಗಿ ಸಿಗತ್ತೆ, ಸಿಗೋಕೆ ಶುರುವಾಗಿ ವರ್ಷಗಳೇ ಆಗಿವೆ, ನಾವೇ ಹಠ ಹಿಡ್ಕೊಂಡು ಸೀಡಿ ಓಡಿಸ್ತಿದ್ವಿ. ಇನ್ಮೇಲೆ ನೀವು ನಿಮ್ಮ ಹೆಸರಲ್ಲೇ, ನಿಮ್ಮ ಮೇಲ್ ಐಡಿಲೇ ಕೊಂಡ್ಕೋಬೇಕು, ಕಂಪ್ಯೂಟರಲ್ಲಿ ಇನ್‌ಸ್ಟಾಲ್ ಮಾಡಿ ಕೂರ್ಸಿಕೊಡೋ ಕೆಲ್ಸ ಬೇಕಿದ್ರೆ ಅದು ಮಾತ್ರ ನಮ್ಮದು.

ಈಗ ಯಾಕೆ ಅಂತ. ನಮ್ಮತ್ರ ಇದ್ದಿದ್ದು ಎರಡು ಸೆಟ್. ಒಂದು ನಮ್ಮ ಅತ್ತಿಗೆ ಅಣ್ಣ ಅಮೆರಿಕದಿಂದ ಬರುವಾಗ ತಂದಿದ್ದು, ದೊಡ್ಡ ರಟ್ಟಿನ ಡಬ್ಬ, ಒಳಗೆ ಮೂರು ಸೀಡಿ. ಇನ್ನೊಂದು ನನ್ನ ತಮ್ಮ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಯಾವುದೋ ಹಳೇ ಸಾಮಾನಿನ ರಾಶಿಲಿ ಹುಡುಕಿ ತಂದಿದ್ದು. ಮೊದಲ್ನೇ ಸೆಟ್ಟಿನ ಮೂರನೇ ಸೀಡಿ ಯಾವಾಗ್ಲೋ ಸತ್ತೋಯ್ತು, ಎರಡನೇ ಸೆಟ್ಟಿನ ಎರಡನೇ ಸೀಡಿ ಯಾರೋ ತಗೊಂಡು ಹೋದವರು ವಾಪಸ್ ತರಲಿಲ್ಲ, ಹಾಗಾಗಿ ಎರಡೂ ಸೇರ್ಸಿ ಒಂದು ಸೆಟ್ ಮಾಡ್ಕೊಂಡು ಇಷ್ಟು ವರ್ಷ ಸಂಸಾರ ನಡೆಸಿದ್ವಿ. ಹೋದ ತಿಂಗಳು ಉಳಿದಿದ್ದ ಆ ಒಂದು ಮೂರನೇ ಸೀಡಿನೂ ಡ್ರೈವ್ ಒಳಗೆ ಗರಗರ ಅನ್ನೋಕೆ ಶುರು ಮಾಡ್ತು. ತೆಗೆದು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ರೆ ಲೇಬಲ್ ಕಡೆಯಿಂದ ಬೆಳಕು ಚುಕ್ಕಿ ಚುಕ್ಕಿಯಾಗಿ ತೂರಿ ಬರ್ತಿತ್ತು, ಸೂಜಿಲಿ ಚುಚ್ಚಿದ ಹಾಗೆ. ಕೆಳಗಡೆ ಗೀರಾಗಿದ್ರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಏನೋ ಒಂದು ಮಾಡ್ಬೋದು. ಮೇಲಿನ ಪದರಾನೇ ಹೋದ್ಮೇಲೆ ಮುಗೀತು, ಅದಕ್ಕೆ ಔಷಧಿ ಇಲ್ಲ.

ಸೀಡಿ ಚೆನ್ನಾಗಿದ್ರೂ ಹಾಕೋದು ಎಲ್ಲಿ ಹೇಳಿ. ಈಗಿನ ಲ್ಯಾಪ್‌ಟಾಪಲ್ಲಿ ಡ್ರೈವೇ ಬರಲ್ಲ, ನಮ್ಮ ಮೂಲೆಲಿರೋ ವಿಂಡೋಸ್ 98 ಮಿಷಿನ್‌ಗೆ ಎರಡು ಸಲ ಪವರ್ ಸಪ್ಲೈ ಬದಲಾಯ್ಸಿದೀನಿ, ಮೂರನೇ ಸಲ ಹೋದ್ರೆ ಕೈ ಮುಗಿದುಬಿಡ್ತೀನಿ.

ಇನ್ನೊಂದು ಮಾತು, ನಾಚಿಕೆ ಬಿಟ್ಟೇ ಹೇಳ್ತೀನಿ. ಸಾಫ್ಟ್‌ವೇರ್ ಸೀಡಿನ ದುಡ್ಡಿಗೆ ಬಾಡಿಗೆ ಕೊಡೋ ಹಕ್ಕು ಅದನ್ನ ಮಾಡಿದೋರದ್ದು, ನಮ್ಮ ದೇಶದ ಕಾಪಿರೈಟ್ ಕಾನೂನಲ್ಲೇ ಹಾಗಿದೆ. ಆ ಕಾಲದಲ್ಲಿ ಬೀದಿಗೆ ಎರಡು ಸೀಡಿ ಲೈಬ್ರರಿ ಇತ್ತು, ಯಾರೂ ಕೇಳ್ತಿರ್ಲಿಲ್ಲ, ನಾವೂ ತಲೆ ಕೆಡಿಸ್ಕೊಳ್ಲಿಲ್ಲ. ಬೇರೆಲ್ಲೂ ಸಿಗದ ಗೇಮು ಅನ್ನೋ ನೆಪ ಒಂದಿತ್ತು. ಈಗ ದುಡ್ಡು ಕೊಟ್ರೆ ಹತ್ತು ನಿಮಿಷದಲ್ಲಿ ಮನೆಗೇ ಬರತ್ತೆ, ಆ ನೆಪನೂ ಹೋಯ್ತು.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಈ ಹುಚ್ಚು ನಮಗೆ ಯಾಕೆ ಹಿಡೀತು ಅಂತ ಮನೇಲೂ ಕೇಳ್ತಾರೆ. ‘ಪ್ರಿನ್ಸ್ ಆಫ್ ಪರ್ಷಿಯಾ’ ಎಲ್ರೂ ಆಡಿರ್ತೀರಿ, ಶಾಲೆ ಕಂಪ್ಯೂಟರ್ ಲ್ಯಾಬಲ್ಲಿ ಟೀಚರ್ ಆ ಕಡೆ ಹೋದ ತಕ್ಷಣ. ಅದನ್ನ ಮಾಡಿದ ಜೋರ್ಡನ್ ಮೆಕ್ನರ್ ಸ್ಯಾನ್ ಫ್ರಾನ್ಸಿಸ್ಕೋಲಿ ‘ಸ್ಮೋಕಿಂಗ್ ಕಾರ್’ ಅಂತ ಕಂಪನಿ ಕಟ್ಟಿ 1997ರಲ್ಲಿ ಹೊರಗೆ ತಂದ ಗೇಮು ಇದು. ಕಥೆ 1914ರ ಜುಲೈ 24ರ ರಾತ್ರಿ ಪ್ಯಾರಿಸ್ಸಲ್ಲಿ ಶುರು. ಓರಿಯಂಟ್ ಎಕ್ಸ್‌ಪ್ರೆಸ್ ಹೊರಟಿದೆ, ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ತನಕ. ರಾಬರ್ಟ್ ಕ್ಯಾಥ್ ಅನ್ನೋ ಅಮೆರಿಕದ ಡಾಕ್ಟರ್ ಓಡೋ ರೈಲಿಗೆ ಮೋಟಾರ್‌ಬೈಕಿಂದ ಹಾರಿ ಹತ್ತಿ, ಸ್ನೇಹಿತನ ಕಂಪಾರ್ಟ್‌ಮೆಂಟ್ ಬಾಗ್ಲು ತೆಗೀತಾನೆ, ನೋಡಿದ್ರೆ ಸ್ನೇಹಿತ ಹೆಣವಾಗಿ ಬಿದ್ದಿದಾನೆ. ಆ ಹೆಣನ ಏನ್ ಮಾಡೋದು ಅನ್ನೋದೇ ನಿಮ್ಮ ಮೊದಲ್ನೇ ತಲೆನೋವು. ಉಳಿದಿದ್ದು ಹೇಳಲ್ಲ.

ಇದ್ರಲ್ಲಿ ಮಜಾ ಏನು ಅಂದ್ರೆ ರೈಲು ನಿಮಗೋಸ್ಕರ ಕಾಯಲ್ಲ. ಗೇಮ್ ಒಳಗಿನ ಗಡಿಯಾರ ನಮ್ಮ ಗಡಿಯಾರಕ್ಕಿಂತ ಆರು ಪಟ್ಟು ಜೋರಾಗಿ ಓಡತ್ತೆ, ನಮ್ಮ ಹತ್ತು ನಿಮಿಷ ಅಲ್ಲಿ ಒಂದು ಗಂಟೆ. ನೀವು ಕಾರಿಡಾರಲ್ಲಿ ನಿಂತು ಕಿಟಕಿ ನೋಡ್ತಿದ್ರೂ ಡೈನಿಂಗ್ ಕಾರಲ್ಲಿ ಜರ್ಮನ್ ಆಯುಧ ವ್ಯಾಪಾರಿ ಊಟ ಮಾಡ್ತಾ ಮಾತಾಡ್ತಿರ್ತಾನೆ, ಪಕ್ಕದ ಬೋಗಿಲಿ ಕೌಂಟ್ ಅನ್ನೋ ಬಿರುದಿನ ರಷ್ಯಾದ ಮುದುಕ ಮೊಮ್ಮಗಳ ಜೊತೆ ಇರ್ತಾನೆ, ಸರ್ಬಿಯಾದ ಹುಡುಗರು ಏನೋ ಗುಸುಗುಸು ಅಂತಿರ್ತಾರೆ. ನೀವು ಅಲ್ಲಿದ್ರೆ ಕಿವಿಗೆ ಬೀಳತ್ತೆ, ಇಲ್ದಿದ್ರೆ ಇಲ್ಲ. ಪ್ರತಿಯೊಬ್ರೂ ಅವರವರ ಭಾಷೆಲೇ ಮಾತಾಡ್ತಾರೆ, ಕ್ಯಾಥ್‌ಗೆ ಬರೋ ಭಾಷೆ ಆದ್ರೆ ಮಾತ್ರ ಕೆಳಗೆ ಸಬ್‌ಟೈಟಲ್, ಬರ್ದೇ ಇದ್ರೆ ನೀವೂ ಅವನ ಹಾಗೆ ಪೆಕರು ಪೆಕರಾಗಿ ನಿಂತಿರ್ಬೇಕು. ಬಸ್‌ಸ್ಟ್ಯಾಂಡಲ್ಲಿ ಪಕ್ಕದವರ ಜಗಳಕ್ಕೆ ಕಿವಿ ಕೊಡೋ ಅಭ್ಯಾಸ ಇರೋರಿಗೆ ಹೇಳಿ ಮಾಡಿಸಿದ ಗೇಮು. ಸೇವ್ ಬಟನ್ ಅನ್ನೋದೇ ಇಲ್ಲ, ಗೇಮು ತಾನೇ ಸೇವ್ ಮಾಡ್ಕೊಳ್ಳತ್ತೆ, ತಪ್ಪಾದ್ರೆ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸ್ಬೇಕು ಅಷ್ಟೆ. ಒಬ್ಬೊಬ್ಬರ ಆಟ ಸ್ಕ್ರೀನ್ ಮೇಲಿನ ಒಂದೊಂದು ಬಣ್ಣದ ಮೊಟ್ಟೆಲಿ ಸೇವ್ ಆಗಿರತ್ತೆ, ಮನೇಲಿ ಮಕ್ಕಳು ಅಪ್ಪನ ಮೊಟ್ಟೆ ಮುಟ್ಟಿ ಜಗಳ ಆಗಿದ್ದೂ ನಮಗೆ ಗೊತ್ತು.

ನಮ್ಮ ಹಳೇ ಮೆಂಬರ್ ಒಬ್ರು ಹೈಸ್ಕೂಲ್ ಹಿಸ್ಟರಿ ಮೇಷ್ಟ್ರು, ರಿಟೈರ್ ಆದ್ಮೇಲೆ ಮೌಸ್ ಹಿಡಿಯೋದು ಕಲಿತಿದ್ದೇ ಈ ಗೇಮಿಗೋಸ್ಕರ. ಅವ್ರು ಒಂದಿನ ಆಡ್ತಾ ಆಡ್ತಾ ಹೇಳಿದ್ರು, “ಏ ನೋಡಯ್ಯಾ, ಆಸ್ಟ್ರಿಯಾದೋರು ಸರ್ಬಿಯಾಗೆ ಅಲ್ಟಿಮೇಟಂ ಕೊಟ್ಟಿದ್ದು 23ನೇ ತಾರೀಖು ಸಂಜೆ, 48 ಗಂಟೆ ಗಡುವು. ಅಂದ್ರೆ ನಾವು ಈ ರೈಲಲ್ಲಿ ಕಾಫಿ ಕುಡೀತಾ ಕೂತಿರುವಾಗ್ಲೇ ಗಡುವು ಮುಗಿಯತ್ತೆ. 28ಕ್ಕೆ ಯುದ್ಧ, ಅದೇ ಮೊದಲ್ನೇ ಮಹಾಯುದ್ಧ. ಇವ್ರಲ್ಲಿ ಒಬ್ಬರಿಗಾದ್ರೂ ಗೊತ್ತಾ?” ಅಂತ. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, ಇದೇ ಯುದ್ಧಕ್ಕೇ ಕಣಯ್ಯಾ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಹತ್ತಿ ಹೋಗಿದ್ದು, 1918ರಲ್ಲಿ ಈಗಿನ ಇಸ್ರೇಲಲ್ಲಿರೋ ಹೈಫಾದಲ್ಲಿ ಹೊಡೆದಾಡಿದ್ದು ಈ ರೈಲು ಕೊನೆಗೆ ಹೋಗಿ ನಿಲ್ಲತ್ತಲ್ಲ ಆ ಊರಿನ ಸುಲ್ತಾನನ ಸೈನ್ಯದ ಮೇಲೇ ಅಂದ್ರು. ಅವತ್ತಿಂದ ನನಗೆ ಆ ಗೇಮಿನ ಡೈನಿಂಗ್ ಕಾರು ಬೇರೆ ತರಾನೇ ಕಾಣತ್ತೆ.

ಇಷ್ಟೆಲ್ಲಾ ಇದ್ದೂ ಪಾಪ ಗೇಮು ಓಡ್ಲಿಲ್ಲ. ವೇಷ ಭೂಷಣ ಹಾಕಿದ ನಿಜವಾದ ನಟ ನಟಿಯರನ್ನ ಶೂಟ್ ಮಾಡಿ, ಆ ಫಿಲ್ಮ್ ಮೇಲೆ ಗೆರೆ ಎಳೆದು ಬಣ್ಣ ತುಂಬಿ ಹಳೇ ಪೋಸ್ಟರ್ ತರ ಮಾಡಿದಾರೆ, ವರ್ಷಗಟ್ಟಲೆ ಕೆಲ್ಸ, ಖರ್ಚಾಗಿದ್ದು ಕೋಟಿಗಟ್ಟಲೆ. ಬಿಡುಗಡೆ ಹೊತ್ತಿಗೆ ಸರಿಯಾಗಿ ಪಬ್ಲಿಷರ್ ಬ್ರೋಡರ್‌ಬಂಡ್‌ನ ಮಾರ್ಕೆಟಿಂಗ್‌ನವ್ರು ಬಿಟ್ಟು ಹೊರಟೋದ್ರು, ಜಾಹೀರಾತು ಅನ್ನೋದೇ ಇಲ್ದಂಗಾಯ್ತು. 1998ರಲ್ಲಿ ಬ್ರೋಡರ್‌ಬಂಡನ್ನೇ ಇನ್ನೊಂದು ಕಂಪನಿ ಕೊಂಡ್ಕೊಳ್ತು. ಬರೆದ ವಿಮರ್ಶಕರಲ್ಲಿ ಹೆಚ್ಚಿನೋರು ಹೊಗಳಿದ್ರು, ಅಂಗಡಿಲಿ ಡಬ್ಬ ಮಾತ್ರ ಇಲ್ಲ. ಹಿಂಗಾಗಿನೇ ಅದು ಎಸ್‌ಪಿ ರೋಡ್ ರಾಶಿಲಿ ಸಿಕ್ಕಿದ್ದು ಅನ್ಸತ್ತೆ.

ಮತ್ತೆ ಜೀವ ಬಂದಿದ್ದು ಡಿಜಿಟಲ್ ಆದ್ಮೇಲೆ. 2011ರಲ್ಲಿ ಗಾಗ್ ಅನ್ನೋ ಆನ್‌ಲೈನ್ ಅಂಗಡಿಗೆ ಬಂತು, 2012ರಲ್ಲಿ ಡಾಟ್‌ಇಮು ಅನ್ನೋ ಫ್ರಾನ್ಸ್ ಕಂಪನಿ ಐಫೋನು ಐಪ್ಯಾಡಿಗೆ ತಂದ್ರು, 2013ರಲ್ಲಿ ಆಂಡ್ರಾಯ್ಡಿಗೆ, ಅದೇ ವರ್ಷ ಸ್ಟೀಮ್ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಲಿ ‘ಗೋಲ್ಡ್ ಎಡಿಶನ್’ ಅಂತ. ಮುಖ್ಯ ವಿಷಯ, ಸೀಡಿ ಬದಲಾಯ್ಸೋ ಕಾಟ ಇಲ್ಲ. ಆಟದ ಮಧ್ಯೆ ‘ಎರಡನೇ ಸೀಡಿ ಹಾಕಿ’ ಅಂತ ಬಂದಾಗ ಎದ್ದು ಹೋಗಿ ಹುಡುಕೋದು ಮುಗೀತು.

ಗಾಗ್, ಸ್ಟೀಮ್ ಎರಡರಲ್ಲಿ ಯಾವ್ದು ತಗೊಳ್ಳೋದು ಅಂತ ಎಲ್ರೂ ಕೇಳ್ತೀರಿ. ಸ್ಟೀಮಲ್ಲಿ ರೂಪಾಯಿ ರೇಟೇ ತೋರ್ಸತ್ತೆ, ದುಡ್ಡು ಕಟ್ಟೋದು ಸುಲಭ, ಆದ್ರೆ ಅದು ನಿಮ್ಮ ಅಕೌಂಟಲ್ಲಿ ಆಡೋಕೆ ಕೊಡೋ ಪರವಾನಗಿ, ಅಕೌಂಟ್ ಹೋದ್ರೆ ಗೇಮೂ ಹೋಯ್ತು. ಗಾಗಲ್ಲಿ ಕೊಂಡ್ರೆ ಇನ್‌ಸ್ಟಾಲರ್ ಫೈಲನ್ನೇ ಇಳಿಸ್ಕೊಂಡು ಹಾರ್ಡ್ ಡಿಸ್ಕಲ್ಲೋ ಪೆನ್‌ಡ್ರೈವಲ್ಲೋ ಇಟ್ಕೋಬೋದು, ನೆಟ್ ಇಲ್ದೇ ಇದ್ರೂ ಹಾಕ್ಕೋಬೋದು, ಕಾಪಿ ತಡೆಯೋ ಬೀಗ ಇಲ್ಲ. ನನ್ನ ಕೇಳಿದ್ರೆ ಗಾಗ್. ಸೀಡಿ ಕಾಲದೋನು ನಾನು, ಸಾಮಾನು ಕೈಲಿರ್ಬೇಕು. ನನ್ನ ತಮ್ಮನಿಗೆ ಕೇಳಿದ್ರೆ ಸ್ಟೀಮ್ ಅಂತಾನೆ, ಅವನಿಗೆ ಸೇಲ್ ಬಂದಾಗ ಕೊಂಡು ಆಡ್ದೇ ಇಡೋದೇ ಹವ್ಯಾಸ.

ಕೆಲವು ವಿಷಯ ಮೊದ್ಲೇ ಹೇಳಿರ್ತೀನಿ, ಆಮೇಲೆ ನನ್ನ ಬೈಕೋಬೇಡಿ. ಚಿತ್ರ ಹೊಸದಾಗಿ ಬರೆದಿಲ್ಲ, ಅದೇ 640 ಬೈ 480 ಪಿಕ್ಸೆಲ್ (ಸ್ಕ್ರೀನಿನ ಚುಕ್ಕಿ) ಕಾಲದ್ದು, ಅಗಲ ಸ್ಕ್ರೀನಲ್ಲಿ ಅಕ್ಕಪಕ್ಕ ಕಪ್ಪು ಪಟ್ಟಿ ಕಂಡ್ರೆ ಗಾಬರಿ ಆಗ್ಬೇಡಿ. ಎರಡನೇದು, ಜನ ಸಿನಿಮಾ ತರ ನಡೆಯಲ್ಲ, ಒಂದು ಚಿತ್ರ ಕರಗಿ ಇನ್ನೊಂದಾಗತ್ತೆ, ಕೈ ಎತ್ತಿದಾಗ ಒಂದು ಕ್ಷಣ ಎರಡು ಕೈ ಕಂಡಂಗಿರತ್ತೆ. ಇದಕ್ಕೇ ‘ಅಣ್ಣಾ, ಹ್ಯಾಂಗ್ ಆಗ್ತಿದೆ, ರ‍್ಯಾಮ್ ಜಾಸ್ತಿ ಮಾಡು’ ಅಂತ ಸಿಪಿಯು ತಲೆ ಮೇಲೆ ಹೊತ್ಕೊಂಡು ಬಂದವರಿದಾರೆ, ಒಬ್ಬರಿಗಂತೂ ರ‍್ಯಾಮ್ ಹಾಕಿನೂ ಕಳಿಸ್ಬಿಟ್ಟಿದ್ದೆ ನಾನು, ನನಗೂ ಆಗ ಗೊತ್ತಿರ್ಲಿಲ್ಲ. ಅದು ಹ್ಯಾಂಗ್ ಅಲ್ಲ, ಅದರ ಶೈಲಿನೇ ಹಾಗೆ. ಇನ್ನು ಹಳೇ ಸೇವ್ ಫೈಲ್ ಫ್ಲಾಪಿಲಿ ತಂದು ಇದಕ್ಕೆ ಹಾಕ್ಕೊಡಿ ಅಂತ ಕೇಳ್ಬೇಡಿ, ದಯವಿಟ್ಟು ಪ್ಯಾರಿಸ್ಸಿಂದಲೇ ಮತ್ತೆ ಹತ್ತಿ.

ಈಗ ದುಡ್ಡಿನ ಲೆಕ್ಕ. ಮೆಂಬರ್‌ಶಿಪ್ ಡೆಪಾಸಿಟ್ 300 ರೂಪಾಯಿ ಪೂರ್ತಿ ವಾಪಸ್, ರಸೀದಿ ಕಳ್ದಿದ್ರೂ ಪರ್ವಾಗಿಲ್ಲ, ನಮ್ಮ ರಿಜಿಸ್ಟ್ರಲ್ಲಿ ಹೆಸ್ರಿದೆ. ವರ್ಷದ ಚಂದಾ ಕಟ್ಟಿ ಇನ್ನೂ ತಿಂಗಳು ಉಳಿದಿರೋರಿಗೆ ಉಳಿದಷ್ಟನ್ನ ರಿಪೇರಿ ಬಿಲ್ಲಲ್ಲಿ ಕಳೀತೀವಿ, ಕ್ಯಾಶೇ ಬೇಕು ಅಂದ್ರೆ ಕ್ಯಾಶೇ ಕೊಡ್ತೀವಿ, ಮುಖ ಸಿಂಡರಿಸ್ಕೊಳ್ಳಲ್ಲ. ಗೇಮ್ ಕೊಂಡು ಹಾಕ್ಕೊಡೋಕೆ 100 ರೂಪಾಯಿ, ಗೇಮಿನ ದುಡ್ಡು ನಿಮ್ಮ ಫೋನಿಂದ ನೀವೇ ಕಟ್ಬೇಕು, ಪಾಸ್‌ವರ್ಡ್ ನೀವೇ ಟೈಪ್ ಮಾಡ್ಬೇಕು, ನನಗೆ ಹೇಳ್ಬೇಡಿ, ಚೀಟಿಲಿ ಬರೆದು ಮಾನಿಟರಿಗೂ ಅಂಟಿಸ್ಬೇಡಿ. ನೀವೇ ಮಾಡ್ಕೊಳ್ಳೋಕೆ ಆಗತ್ತೆ ಅಂದ್ರೆ ಇನ್ನೂ ಸಂತೋಷ, ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಫೋನ್ ಮಾಡಿ, ಅದಕ್ಕೆ ಚಾರ್ಜ್ ಇಲ್ಲ.

ಒಂದು ಅಕೌಂಟ್ ಮಾಡಿ ಹತ್ತು ಜನ ಹಂಚ್ಕೊಳ್ಳೋಣ ಅಂತ ನಾಲ್ಕು ಜನ ಆಗ್ಲೇ ಕೇಳಿದೀರಿ. ಆಗಲ್ಲ. ಗಾಗ್ ಫೈಲಿಗೆ ಬೀಗ ಇಲ್ವಲ್ಲ, ಪೆನ್‌ಡ್ರೈವಿಗೆ ಹಾಕ್ಕೊಡಿ 50 ರೂಪಾಯಿ ಕೊಡ್ತೀವಿ ಅಂತ ಇನ್ನೊಬ್ರು. ಅದೂ ಆಗಲ್ಲ. ಬೀಗ ಹಾಕ್ದೇ ನಂಬಿ ಕೊಟ್ಟಿರೋ ಸಾಮಾನು ಅದು, ಮಾರಿದ್ರೆ ನಮಗೇ ನಿದ್ದೆ ಬರಲ್ಲ. ಅಂಗಡಿಲೇ ಗಂಟೆಗೆ ಇಷ್ಟು ಅಂತ ಆಡ್ಸೋಣ ಅಂತ ನನ್ನ ತಮ್ಮ ಲೆಕ್ಕ ಹಾಕಿದ್ದ, ಸ್ಟೀಮಿನ ಷರತ್ತು ಓದಿ ನೋಡಿದ್ರೆ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ ಅಂತಿದೆ, ಆ ಲೆಕ್ಕಾನೂ ಅಲ್ಲಿಗೇ ಬಿಡ್ತು.

ಮೇಷ್ಟ್ರಿಗೆ ಮೊನ್ನೆ ಅವ್ರ ಮೊಮ್ಮಗನ ಲ್ಯಾಪ್‌ಟಾಪಲ್ಲಿ ಹಾಕ್ಕೊಟ್ಟೆ. ಹೆಡ್‌ಫೋನ್ ಸಿಕ್ಕಿಸ್ಕೊಂಡು ಕೂತ್ರು, ಗೇಮಲ್ಲಿ ಬರೋ ಅನ್ನಾ ಅನ್ನೋಳು ಪಿಟೀಲು ನುಡಿಸೋ ಕಚೇರಿ ಬಂತು. ಆ ಹೊತ್ತಲ್ಲೇ ಎದ್ದು ಹೋಗಿ ಒಂದು ಮುಖ್ಯ ಕೆಲ್ಸ ಮಾಡ್ಬೇಕು, ಕಚೇರಿ ಮುಗಿದ್ರೆ ಅವಕಾಶ ತಪ್ತು. ಮೇಷ್ಟ್ರಿಗೆ ಇದು ಚೆನ್ನಾಗಿ ಗೊತ್ತು, ಎಷ್ಟೋ ಸಲ ಆಡಿದಾರೆ. ಆದ್ರೂ ಏಳ್ಲಿಲ್ಲ, ಕೊನೇ ತನಕ ಕೇಳಿದ್ರು, ಆಮೇಲೆ ಗಡಿಯಾರ ಹಿಂದಕ್ಕೆ ತಿರುಗಿಸಿದ್ರು. “ಸೀಡಿಲಿ ಇಲ್ಲಿ ಕೊರ್ ಅಂತಿತ್ತಯ್ಯಾ, ಇವತ್ತೇ ಪೂರ್ತಿ ಕೇಳಿದ್ದು” ಅಂದ್ರು.

ಸೀಡಿ ಮನೇಲಿಟ್ಕೊಂಡಿರೋರು ಈ ತಿಂಗಳು 30ರೊಳಗೆ ವಾಪಸ್ ಕೊಡಿ, ಯಾವ ಗೇಮ್ ಆದ್ರೂ ಸರಿ, ಲೇಟ್ ಫೀಸ್ ಇಲ್ಲ. ಖಾಲಿ ಡಬ್ಬ ಮಾರ್ತೀರಾ ಅಂತ ಕೇಳ್ಬೇಡಿ, ಅದು ಕೌಂಟರ್ ಗಾಜಿನೊಳಗೆ ಹಾಗೇ ಇರತ್ತೆ. ಮತ್ತೆ ಎಸ್‌ಪಿ ರೋಡ್ ಸೆಟ್ಟಿನ ಆ ಎರಡನೇ ಸೀಡಿ ಯಾರತ್ರ ಇದ್ಯೋ ಅವ್ರು, ಗೀರಾಗಿರ್ಲಿ, ಮುರಿದಿರ್ಲಿ, ಶಟರ್ ಕೆಳಗೆ ತೂರ್ಸಿ ಹೋದ್ರೂ ಸಾಕು, ಯಾರು ಅಂತ ನಾವು ಕೇಳಲ್ಲ.