ತೋಟದ ಪತ್ರಕ್ಕೆ ಸಹಿ ಹಾಕ್ಬೇಡಿ ಅಪ್ಪಯ್ಯ

ಸ್ಯಾನ್ ಹೋಸೆ
ಭಾನುವಾರ ರಾತ್ರಿ

ಅಪ್ಪಯ್ಯ, ಅಮ್ಮ,

ನಮಸ್ಕಾರ. ನಾವೆಲ್ಲ ಆರಾಮ, ಪುಟ್ಟಿಗೆ ನೆಗಡಿ ಇತ್ತು, ಈಗ ಇಲ್ಲ. ನೀವು ಕಾಗದ ಬರ್ದು ಅದ್ರ ಫೋಟೋ ತೆಗ್ದು ವಾಟ್ಸಾಪಲ್ಲಿ ಕಳ್ಸಿದ್ದು ನೋಡಿ ಇವ್ರು ನಕ್ಕಿದ್ದೇ ನಕ್ಕಿದ್ದು, ಆದ್ರೆ ನಾಲ್ಕನೇ ಪುಟಕ್ಕೆ ಬರೋ ಹೊತ್ತಿಗೆ ನಂಗೆ ನಗು ನಿಂತೋಯ್ತು. ವಿನು ಕೆಲಸ ಬಿಟ್ಟಿದ್ದು ನಂಗೂ ನಿಮ್ಮ ಕಾಗದದಿಂದ್ಲೇ ಗೊತ್ತಾಗಿದ್ದು. ಅಡಿಕೆ ಸೋಗೆ ಫೋಟೋ ಹೊಡೆದ್ರೆ ಎಲೆಚುಕ್ಕಿ ರೋಗ ಹೌದೋ ಅಲ್ವೋ ಹೇಳೋ ಆ್ಯಪು, ಅದಕ್ಕೊಂದು ಕಂಪನಿ, ಆ ಕಂಪನಿಗೆ ಕೆಳಗಿನ ತೋಟ ಅಡ ಇಡೋದು. "ಅವ್ನು ದಿನಾ ಯಾರೋ ಎನ್‌ವಿಡಿಯಾದವನ ಭಾಷಣ ಹಾಕಿ ತೋರಿಸ್ತಾನೆ, ನೀನು ಅದೇ ಊರಲ್ಲಿದ್ದೀಯಲ್ಲ, ಹೌದಾ ಅದೆಲ್ಲ" ಅಂತ ಕೇಳಿದ್ದೀರಿ.

ಅದಕ್ಕೆ ನಿನ್ನೆ ಆ ಎನ್‌ವಿಡಿಯಾ, ಅಂದ್ರೆ ಕಂಪ್ಯೂಟರ್ ಚಿಪ್ ಮಾಡೋ ಕಂಪನಿ, ಹುಟ್ಟಿದ ಹೋಟ್ಲಿಗೇ ಹೋಗ್ಬಂದ್ವಿ. ಡೆನ್ನೀಸ್ ಅಂತ, ನಮ್ಮಲ್ಲಿ ಹೈವೇ ಪಕ್ಕ ಬಸ್ ನಿಲ್ಲಿಸ್ತಾರಲ್ಲ ಅಂಥದ್ದೇ. 1993ರಲ್ಲಿ ಜೆನ್ಸೆನ್ ಹುವಾಂಗ್ (ವಿನು ತೋರಿಸೋ ಭಾಷಣದವ್ರು ಇವ್ರೇ), ಇನ್ನಿಬ್ರು ಸ್ನೇಹಿತ್ರು ಇಲ್ಲೇ ಕಾಫಿ ಕುಡೀತಾ ಕಂಪನಿ ಯೋಚ್ನೆ ಮಾಡಿದ್ದಂತೆ, ಅವ್ರು ಕೂತ ಜಾಗಕ್ಕೆ 2023ರಲ್ಲಿ ಒಂದು ಫಲಕ ಹಾಕಿದಾರೆ, ಲಕ್ಷ ಕೋಟಿ ಡಾಲರ್ ಕಂಪನಿ ಹುಟ್ಟಿದ್ದು ಇಲ್ಲಿ ಅಂತ. ಕಾಫಿ ಮಾತ್ರ ಅಮ್ಮ ಲೋಟ ತೊಳೆದ ನೀರಿನ ಥರ, ಎಷ್ಟು ಸಲ ಬೇಕಾದ್ರೂ ಪುಕ್ಕಟೆ ಹಾಕ್ತಾರೆ, ಅದಕ್ಕೇ ಇರ್ಬೇಕು ಅವ್ರು ಅಷ್ಟು ಹೊತ್ತು ಕೂತಿದ್ದು. ಪ್ಯಾನ್‌ಕೇಕಿಗೆ ಒಂದು ಪಾಕ ಕೊಡ್ತಾರೆ, ನಮ್ಮ ಜೋನಿಬೆಲ್ಲದ ಮುಂದೆ ಏನೂ ಇಲ್ಲ.

ಆದ್ರೆ ಅಪ್ಪಯ್ಯ, ವಿನು ನಿಮಗೆ ಅರ್ಧ ಕಥೆ ಮಾತ್ರ ಹೇಳ್ತಿದಾನೆ. ಆ ಮನುಷ್ಯ ಹುಡುಗ ಆಗಿದ್ದಾಗ ಇಂಥದ್ದೇ ಹೋಟ್ಲಲ್ಲಿ ತಟ್ಟೆ ತೊಳೆದಿದ್ದು ನಿಜ, ಕಷ್ಟ ಪಡಿ ಅಂತ 2024ರಲ್ಲಿ ಸ್ಟ್ಯಾನ್‌ಫರ್ಡಲ್ಲಿ ಹುಡುಗ್ರಿಗೆ ಹಾರೈಸಿದ್ದೂ ನಿಜ. ಆದ್ರೆ ಕಂಪನಿ ಶುರು ಮಾಡೋ ಮೊದ್ಲು ಅವ್ರು ಚಿಪ್ ಕಂಪನಿಗಳಲ್ಲಿ ವರ್ಷಗಟ್ಲೆ ಕೆಲಸ ಮಾಡಿದ್ರು, ಅವ್ರ ಹಳೇ ಬಾಸೇ ಫೋನ್ ಮಾಡಿ ಸೆಕ್ವೊಯಾ ಅನ್ನೋ ದುಡ್ಡು ಹಾಕೋ ಕಂಪನಿಗೆ ಹೇಳಿದ್ದು. ಆ ದುಡ್ಡಿನವನು "ನನ್ನ ದುಡ್ಡು ಮುಳುಗಿಸಿದ್ರೆ ನಿನ್ನ ಕೊಂದೇಬಿಡ್ತೀನಿ" ಅಂದಿದ್ನಂತೆ, ಹುವಾಂಗ್ ಅವ್ರೇ ಹೇಳ್ಕೋತಾರೆ. ಬೈದ್ರೂ ಅದು ಇಂಥದ್ದಕ್ಕೇ ಇಟ್ಟ ದುಡ್ಡು, ಕಂಪನಿ ಹೋದ್ರೆ ಅದು ಹೋಗತ್ತೆ ಅಷ್ಟೇ, ಯಾರ ಅಪ್ಪನ ತೋಟಾನೂ ಹೋಗಲ್ಲ.

ಮುಳುಗೋಕೆ ಹೋಗಿದ್ದೂ ಹೌದು. ಜಪಾನಿನ ಸೇಗಾ ಕಂಪನಿಗೆ ಗೇಮಿನ ಚಿಪ್ ಮಾಡ್ಕೊಡ್ತೀವಿ ಅಂತ ಒಪ್ಕೊಂಡು, ಅರ್ಧದಲ್ಲಿ ನಾವು ಹಿಡಿದ ದಾರೀನೇ ತಪ್ಪು ಅಂತ ಗೊತ್ತಾಯ್ತು. ಹುವಾಂಗ್ ಸೀದಾ ಅಲ್ಲಿನ ಯಜಮಾನ್ರಿಗೆ ಹೇಳಿದ್ರು, ನಮ್ಮ ಕೈಲಿ ಆಗಲ್ಲ, ನೀವು ಬೇರೆಯವ್ರನ್ನ ನೋಡ್ಕೊಳ್ಳಿ, ಆದ್ರೆ ನಮ್ಮ ದುಡ್ಡು ಪೂರ್ತಿ ಕೊಡಿ ಇಲ್ದಿದ್ರೆ ನಾವು ಉಳಿಯಲ್ಲ ಅಂತ! ಆ ಪುಣ್ಯಾತ್ಮ ಕೊಟ್ರು. ಅದ್ರಿಂದ ಆರು ತಿಂಗಳು ಉಸಿರು ಸಿಕ್ತು, 1997ರಲ್ಲಿ ಬಂದ ಚಿಪ್ಪು ಕೈ ಹಿಡೀತು. ಇದನ್ನ ವಿನು ನಿಮಗೆ ತೋರಿಸಿದ್ನಾ? ತೋರಿಸಿರಲ್ಲ. ಕೆಲಸ ಬಿಟ್ಟಿದ್ದನ್ನೇ ಎರಡು ತಿಂಗಳು ಮುಚ್ಚಿಟ್ಟವನು ಆಗಲ್ಲ ಅನ್ನೋದನ್ನ ಬಾಯ್ಬಿಟ್ಟು ಹೇಳ್ತಾನಾ. ಇನ್ನೊಂದು ಸಲ ಶುರು ಮಾಡ್ತೀರಾ ಅಂತ ಕೇಳಿದ್ದಕ್ಕೆ ಹುವಾಂಗ್ ಇಲ್ಲ ಅಂದಿದಾರೆ, ಇಷ್ಟು ಕಷ್ಟ ಅಂತ ಗೊತ್ತಿದ್ರೆ ಬುದ್ಧಿ ನೆಟ್ಟಗಿರೋರು ಯಾರೂ ಮಾಡಲ್ಲ ಅಂತ.

ಇನ್ನೊಂದು ತಮಾಷೆ, ತೋಟದ ಮೇಲೆ ತಂದ ಸಾಲದಲ್ಲಿ ದೊಡ್ಡ ಪಾಲು ಅವ್ನು ಆ ಆ್ಯಪಿಗೆ ಪಾಠ ಕಲಿಸೋ ಕಂಪ್ಯೂಟರ್ ಬಾಡಿಗೆಗೆ ಸುರೀತಾನೆ, ಅದ್ರೊಳಗಿರೋದು ಬಹುಶಃ ಎನ್‌ವಿಡಿಯಾ ಚಿಪ್ಪೇ. ಅಂದ್ರೆ ನಮ್ಮ ಅಡಿಕೆ ದುಡ್ಡು ಸುತ್ತಿ ಸುತ್ತಿ ಈ ಡೆನ್ನೀಸ್ ಹತ್ರಾನೇ ಬಂದು ಬೀಳತ್ತೆ.

ಐಡಿಯಾ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಇನ್ನು ಮಕ್ಕಳು ಕೋಡಿಂಗ್ ಕಲೀಲೇಬೇಕು ಅಂತಿಲ್ಲ, ಬೇಸಾಯದಂಥದ್ದು ಗೊತ್ತಿರ್ಬೇಕು ಅಂತ ಹುವಾಂಗ್ ಅವ್ರೇ 2024ರಲ್ಲಿ ದುಬೈಯಲ್ಲಿ ಹೇಳಿದ್ರು. ಹಾಗೆ ನೋಡಿದ್ರೆ ಆ ಕಂಪನಿಯಲ್ಲಿ ವಿಷಯ ಗೊತ್ತಿರೋ ಒಬ್ರೇ ಒಬ್ರು ನೀವು, ಸೋಗೆ ಮೇಲಿನ ಚುಕ್ಕಿ ರೋಗದ್ದಾ ಬಿಸಿಲಿಂದಾ ಅಂತ ಮರದ ಬುಡದಲ್ಲಿ ನಿಂತೇ ಹೇಳೋರು. ಅವ್ನು ನಿಮಗೆ ಸಂಬಳ ಕೊಡ್ಬೇಕು, ನೀವು ಅವ್ನಿಗೆ ತೋಟ ಕೊಡೋದಲ್ಲ.

ಆರು ತಿಂಗಳು ಅವ್ನ ಖರ್ಚಿಗೆ ನಾನು ಕಳಿಸ್ತೀನಿ. ಪ್ರತಿ ತಿಂಗಳು ನಿಮ್ಮೆದುರು ಕೂತು ಲೆಕ್ಕ ಹೇಳ್ಬೇಕು, ಅದೊಂದೇ ಕಂಡೀಷನ್. ನಮ್ಮದೇನೂ ಯೋಚ್ನೆ ಮಾಡ್ಬೇಡಿ, ಇಲ್ಲಿ ಜನ ತೆಗೀತಿದಾರೆ ಅಂತ ಟಿವಿಯಲ್ಲಿ ಬರೋದು ಬೇರೆ ಕಂಪನಿಗಳದ್ದು, ನಮ್ಮ ಟೀಮಲ್ಲಿ ಬರೀ ಇಬ್ರನ್ನ ತೆಗ್ದಿದ್ದು, ನನ್ನ ಕೆಲಸ ಗಟ್ಟಿ, ಒಂದ್ವೇಳೆ ಹೋದ್ರೂ ವೀಸಾದಲ್ಲಿ ಬೇರೆ ಕೆಲಸ ಹುಡ್ಕೋಕೆ 60 ದಿನ ಟೈಮ್ ಇರತ್ತೆ, ಹೋಗಲ್ಲ, ಸುಮ್ನೆ ಹೇಳ್ದೆ.

ಬಿಪಿ ಮಾತ್ರೆ ಬಿಡ್ಬೇಡಿ. ಅಮ್ಮಂಗೆ ಅಪ್ಪೆಮಿಡಿ ಉಪ್ಪಿನಕಾಯಿ ಚಿಕ್ಕಿ ಹತ್ರ ಕೊಟ್ಟು ಕಳ್ಸೋಕೆ ಹೇಳಿ. ಇವ್ರು ಕಸದ ಡಬ್ಬ ಹೊರಗಿಡು ಅಂತ ಕೂಗ್ತಿದಾರೆ, ನಾಳೆ ಬೆಳಿಗ್ಗೆ ಲಾರಿ ಬರತ್ತೆ. ಸಹಿ ಮಾತ್ರ ಹಾಕ್ಬೇಡಿ, ನಾನು ವಿನು ಹತ್ರ ಮಾತಾಡೋ ತನಕ.

ನಿಮ್ಮ,
ದೊಡ್ಡಿ