ಕಿಟಕಿಗೆ ದುಡ್ಡು ಕೊಟ್ಟರೆ ಗೋಡೆ ಸಿಗಬಾರದು

ಮಾನ್ಯ ಸಂಪಾದಕರೇ,

ಏರ್‌ಬಸ್ ಎ320 ವಿಮಾನದ ರೆಕ್ಕೆಯ ಬಳಿ ಎರಡು ತುರ್ತು ನಿರ್ಗಮನ ಸಾಲುಗಳಿರುತ್ತವೆ. ಕಾಲು ಚಾಚಲು ಎರಡರಲ್ಲೂ ಜಾಗವಿದೆ, ದುಡ್ಡೂ ಹೆಚ್ಚು. ಆದರೆ ಮೊದಲ ಸಾಲಿನ ಸೀಟು ಹಿಂದಕ್ಕೆ ಬಾಗುವುದಿಲ್ಲ. ಬಾಗಿದರೆ ಅದರ ಹಿಂದಿನ ಸಾಲಿನ ತುರ್ತು ಬಾಗಿಲಿನ ದಾರಿ ಕಟ್ಟುತ್ತದೆ. ಹಾಗಾಗಿ ಎರಡನೆಯದನ್ನೇ ಹಿಡಿಯಿರಿ. ಟೇಕಾಫ್, ಲ್ಯಾಂಡಿಂಗ್ ವೇಳೆ ಅಲ್ಲಿ ಕಾಲ ಬಳಿ ಚೀಲ ಇಡುವಂತಿಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ ಆ ಸಾಲು ಕೊಡುವುದಿಲ್ಲ.

ಕುಲುಕಾಟಕ್ಕೆ ಹೆದರುವವರಿಗೆ ರೆಕ್ಕೆಯ ಆಸುಪಾಸೇ ಮೇಲು. ಕೊನೆಯ ಸಾಲಂತೂ ಬೇಡ, ಶೌಚಾಲಯದ ಸರದಿ ಪಕ್ಕದಲ್ಲೇ ನಿಲ್ಲುತ್ತದೆ.

ಬೋಯಿಂಗ್ 737ರಲ್ಲಿ ಎಡಬದಿ, ರೆಕ್ಕೆಗೆ ತುಸು ಮುಂದೆ, ಒಂದೆಡೆ ಕಿಟಕಿಯೇ ಇಲ್ಲ. ಗೋಡೆಯೊಳಗೆ ಏಸಿ ಕೊಳವೆ ಹಾದಿದೆ. ಬೆಳಿಗ್ಗೆ ಬೆಂಗಳೂರಿನಿಂದ ದೆಹಲಿಗೆ ಹೊರಟವರು ಎಡಬದಿಯ ‘ಎ’ ಸೀಟು ಆರಿಸಿದರೆ ಬಿಸಿಲು ತಪ್ಪುತ್ತದೆ.

ಬಾಗದ, ಕಿಟಕಿಯಿಲ್ಲದ ಸೀಟುಗಳನ್ನು ಬುಕಿಂಗ್ ನಕ್ಷೆಯಲ್ಲೇ ಗುರುತಿಸುವುದನ್ನು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕಡ್ಡಾಯಗೊಳಿಸಲಿ.

– ಓದುಗ, ಬೆಂಗಳೂರು